‘ಮೆಸ್ಮರೈಸ್’ ಅಂದರೆ ಏನು? ಈ ಪದಕ್ಕೆ ತನ್ನ ಹೆಸರನ್ನೇ ಕೊಟ್ಟು ಹೋದ ವೈದ್ಯನ ಕಥೆ

ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬ ವಿಳಾಸ ಕೇಳಿದ. ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮೆಸ್ಮರಿಸಂ ಮಾಡಿದ. ಅಜ್ಜಿ ತಾವಾಗಿಯೇ ಬಳೆ ಬಿಚ್ಚಿ ಕೊಟ್ಟುಬಿಟ್ಟರು, ಎಲ್ಲರೂ ಎಚ್ಚರ! ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನೊಂದು: ಈ ಅಯಸ್ಕಾಂತದ ಬಳೆ ಹಾಕಿಕೊಂಡರೆ ಬಿಪಿ, ಶುಗರ್, ಮಂಡಿನೋವು ಎಲ್ಲ ಮಾಯ!

ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಈ ಎರಡೂ ಸಂದೇಶಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ ಒಬ್ಬನೇ ವ್ಯಕ್ತಿ ಎದುರಾಗುತ್ತಾನೆ. ಆತನ ಹೆಸರು ಫ್ರಾಂಟ್ಸ್ ಆಂಟನ್ ಮೆಸ್ಮರ್. ಯಾವುದಾದರೂ ಹಾಡು ಕೇಳಿ ಮೆಸ್ಮರೈಸ್ ಆಗಿಬಿಟ್ಟೆ ಎಂದು ನಾವು ಹೇಳುವುದು ಈತನ ಹೆಸರಿನಿಂದಲೇ. ಆದರೆ ಈ ಪದಕ್ಕೆ ಇಂದು ಇರುವ ಅರ್ಥವನ್ನು ಮೆಸ್ಮರ್ ಕೇಳಿದ್ದರೆ ಖಂಡಿತ ಸಿಟ್ಟಾಗುತ್ತಿದ್ದ. ಏಕೆ? ಆತನ ಬದುಕನ್ನು ನೋಡೋಣ.

ಅರಣ್ಯ ಕಾವಲುಗಾರನ ಮಗ

ಮೆಸ್ಮರ್ ಹುಟ್ಟಿದ್ದು 1734ರ ಮೇ 23ರಂದು, ಇಂದಿನ ಜರ್ಮನಿಯ ದಕ್ಷಿಣ ತುದಿಯಲ್ಲಿರುವ ಕಾನ್‌ಸ್ಟನ್ಸ್ ಸರೋವರದ ದಡದ ಇಜ್ನಾಂಗ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಬಿಷಪ್‌ನ ಕೈಕೆಳಗೆ ಕಾಡು ಕಾಯುವ ಕೆಲಸದಲ್ಲಿದ್ದವ. ಮಗ ಪಾದ್ರಿಗಳ ವಿದ್ಯಾಲಯಗಳಲ್ಲಿ ಓದಿ, ಕೊನೆಗೆ ವಿಯೆನ್ನಾಕ್ಕೆ ಬಂದು ವೈದ್ಯಕೀಯ ಹಿಡಿದ.

1766ರಲ್ಲಿ ವೈದ್ಯ ಪದವಿಗಾಗಿ ಬರೆದ ಪ್ರಬಂಧದ ವಿಷಯ, ಮನುಷ್ಯ ದೇಹದ ಮೇಲೆ ಗ್ರಹಗಳ ಪ್ರಭಾವ. ಅದು ಜ್ಯೋತಿಷ್ಯವಾಗಿರಲಿಲ್ಲ. ಚಂದ್ರನ ಸೆಳೆತಕ್ಕೆ ಸಮುದ್ರದಲ್ಲಿ ಉಬ್ಬರವಿಳಿತ ಆಗುವುದಾದರೆ ನಮ್ಮ ದೇಹದೊಳಗೂ ಅಂಥ ಉಬ್ಬರವಿಳಿತ ಇರಬೇಕು ಎಂಬುದು ಆತನ ವಾದ. ಆ ಪ್ರಬಂಧದ ಸಾಕಷ್ಟು ಭಾಗ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮೀಡ್ ಮೊದಲೇ ಬರೆದಿದ್ದ ಪುಸ್ತಕದಿಂದ ಎತ್ತಿಕೊಂಡದ್ದು ಎಂಬುದು ಬಹಳ ಕಾಲದ ನಂತರ ಗೊತ್ತಾಯಿತು.

1768ರಲ್ಲಿ ಶ್ರೀಮಂತ ವಿಧವೆಯೊಬ್ಬಳನ್ನು ಮದುವೆಯಾದ ಮೇಲೆ ಮೆಸ್ಮರ್‌ನ ಬದುಕೇ ಬದಲಾಯಿತು. ದೊಡ್ಡ ಮನೆ, ತೋಟ, ಸಂಗೀತ ಕೂಟಗಳು. ಸಂಗೀತಗಾರ ಮೊಜಾರ್ಟ್‌ನ ಕುಟುಂಬಕ್ಕೂ ಈ ಮನೆಗೂ ಒಳ್ಳೆಯ ಒಡನಾಟವಿತ್ತು. ಮೆಸ್ಮರ್ ಸ್ವತಃ ಗ್ಲಾಸ್ ಆರ್ಮೋನಿಕಾ ನುಡಿಸುತ್ತಿದ್ದ. ತಿರುಗುವ ಗಾಜಿನ ಬಟ್ಟಲುಗಳ ಅಂಚಿಗೆ ಒದ್ದೆ ಬೆರಳು ತಾಗಿಸಿ ನುಡಿಸುವ ವಾದ್ಯ ಇದು. ಇದನ್ನು 1761ರಲ್ಲಿ ರೂಪಿಸಿದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಅಯಸ್ಕಾಂತ ಬಂತು, ಅಯಸ್ಕಾಂತ ಹೋಯಿತು

1774ರಲ್ಲಿ ಫ್ರಾಂಟ್ಸಿಸ್ಕಾ ಓಸ್ಟರ್‌ಲಿನ್ ಎಂಬ ಯುವತಿ ಮೆಸ್ಮರ್‌ನ ಚಿಕಿತ್ಸೆಯಲ್ಲಿದ್ದಳು. ಮತ್ತೆ ಮತ್ತೆ ನಡುಕ, ವಾಂತಿ, ತಲೆನೋವು, ಪ್ರಜ್ಞೆ ತಪ್ಪುವುದು. ಮೆಸ್ಮರ್ ಆಕೆಗೆ ಕಬ್ಬಿಣದ ಅಂಶವಿದ್ದ ಔಷಧ ಕುಡಿಸಿ, ಮೈಮೇಲೆ ಅಯಸ್ಕಾಂತಗಳನ್ನು ಕಟ್ಟಿದ. ಮೈಯೊಳಗೆ ಏನೋ ಹರಿದಂತಾಗುತ್ತಿದೆ ಎಂದಳು. ಕೆಲವು ಗಂಟೆಗಳ ಮಟ್ಟಿಗೆ ನರಳಾಟ ನಿಂತಿತು.

ಆ ಅಯಸ್ಕಾಂತಗಳನ್ನು ಮಾಡಿಕೊಟ್ಟವನು ಮ್ಯಾಕ್ಸಿಮಿಲಿಯನ್ ಹೆಲ್ ಎಂಬ ಖಗೋಳ ವಿಜ್ಞಾನಿ. ಈ ಗುಣದ ಶ್ರೇಯ ಯಾರಿಗೆ ಎಂದು ಇಬ್ಬರಿಗೂ ಜಗಳವಾಯಿತು. ಅಷ್ಟರಲ್ಲಿ ಮೆಸ್ಮರ್ ಒಂದು ವಿಚಿತ್ರ ಸಂಗತಿ ಗಮನಿಸಿದ್ದ. ಅಯಸ್ಕಾಂತವೇ ಇಲ್ಲದೆ ಬರೀ ಕೈಯಾಡಿಸಿದರೂ ರೋಗಿಗಳಿಗೆ ಅದೇ ಅನುಭವ ಆಗುತ್ತಿತ್ತು!

ಇಲ್ಲಿ ಎರಡು ದಾರಿಗಳಿದ್ದವು. ಹಾಗಾದರೆ ಅಯಸ್ಕಾಂತದಿಂದ ಏನೂ ಆಗಿರಲಿಲ್ಲ, ರೋಗಿಯ ನಂಬಿಕೆಯೇ ಕೆಲಸ ಮಾಡಿರಬಹುದು ಎಂದು ಅನುಮಾನ ಪಡುವುದು ಒಂದು. ಆ ಶಕ್ತಿ ನನ್ನೊಳಗೇ ಇದೆ ಎಂದುಕೊಳ್ಳುವುದು ಇನ್ನೊಂದು. ಮೆಸ್ಮರ್ ಎರಡನೆಯ ದಾರಿ ಹಿಡಿದ. ಇಡೀ ಜಗತ್ತನ್ನು ಕಣ್ಣಿಗೆ ಕಾಣದ ಒಂದು ದ್ರವ ತುಂಬಿದೆ, ಅದು ದೇಹದಲ್ಲಿ ಸರಾಗ ಹರಿಯದಿದ್ದರೆ ರೋಗ, ಹರಿಯುವಂತೆ ಮಾಡಿದರೆ ಗುಣ ಎಂದು ಸಾರಿದ. ಇದಕ್ಕೆ ಅನಿಮಲ್ ಮ್ಯಾಗ್ನೆಟಿಸಂ ಎಂದು ಹೆಸರಿಟ್ಟ. ಇಲ್ಲಿ ಅನಿಮಲ್ ಎಂದರೆ ದನ ಕರು ಅಲ್ಲ. ಲ್ಯಾಟಿನ್‌ನಲ್ಲಿ ಅನಿಮಾ ಎಂದರೆ ಉಸಿರು, ಜೀವ. ನಮ್ಮಲ್ಲಿ ಪ್ರಾಣದಿಂದ ಪ್ರಾಣಿ ಬಂದ ಹಾಗೆಯೇ ಅಲ್ಲಿ ಅನಿಮಾದಿಂದ ಅನಿಮಲ್. ಆದ್ದರಿಂದ ಅದನ್ನು ಜೀವಕಾಂತ ಶಕ್ತಿ ಎನ್ನಬಹುದು.

ಎಲ್ಲ ರೋಗಕ್ಕೂ ಒಂದೇ ಕಾರಣ, ಎಲ್ಲಕ್ಕೂ ಒಂದೇ ಮದ್ದು. ಈ ಮಾತು ಎಲ್ಲೋ ಕೇಳಿದಂತಿದೆಯಲ್ಲವೇ?

ಕುರುಡು ಹುಡುಗಿಯ ಪ್ರಕರಣ

ವಿಯೆನ್ನಾದಲ್ಲಿ ಮರಿಯಾ ತೆರೇಸಿಯಾ ಪಾರಾಡಿಸ್ ಎಂಬ ಪಿಯಾನೋ ವಾದಕಿ ಇದ್ದಳು. ಎಳೆಯ ವಯಸ್ಸಿನಲ್ಲೇ ದೃಷ್ಟಿ ಹೋಗಿತ್ತು. ಆಗಿನ ದೊಡ್ಡ ದೊಡ್ಡ ವೈದ್ಯರು ಆಕೆಯ ತಲೆಗೆ ಪಟ್ಟು ಹಾಕಿ, ಕಣ್ಣಿಗೆ ವಿದ್ಯುತ್ ಆಘಾತ ಕೊಟ್ಟು ಹಿಂಸೆಪಡಿಸಿದ್ದೇ ಬಂತು. 1777ರಲ್ಲಿ, 18ರ ಈ ಹುಡುಗಿಯನ್ನು ಮೆಸ್ಮರ್ ತನ್ನ ಮನೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ಶುರುಮಾಡಿದ. ಆಕೆಗೆ ಅಲ್ಪಸ್ವಲ್ಪ ಕಾಣತೊಡಗಿದೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಬೇರೆ ವೈದ್ಯರು ಅದನ್ನು ಒಪ್ಪಲಿಲ್ಲ. ತಂದೆತಾಯಿ ಬಂದು ಗಲಾಟೆ ಮಾಡಿ ಮಗಳನ್ನು ಕರೆದುಕೊಂಡು ಹೋದರು. ಆಕೆಗೆ ದೃಷ್ಟಿ ಬರಲಿಲ್ಲ. ಕಣ್ಣು ಕಾಣದಿದ್ದರೂ ಮುಂದೆ ಆಕೆ ಯುರೋಪಿನಾದ್ಯಂತ ಕಛೇರಿ ಕೊಟ್ಟು ದೊಡ್ಡ ಹೆಸರು ಮಾಡಿದಳು. ಮೆಸ್ಮರ್‌ಗೆ ಮಾತ್ರ ವಿಯೆನ್ನಾದಲ್ಲಿ ಮುಖ ಎತ್ತಿ ಓಡಾಡುವುದು ಕಷ್ಟವಾಯಿತು. 1778ರಲ್ಲಿ ಪ್ಯಾರಿಸ್ ಸೇರಿದ.

ಪ್ಯಾರಿಸ್‌ನ ಮಾಯಾ ತೊಟ್ಟಿ

ಪ್ಯಾರಿಸ್ ಆತನನ್ನು ಹೊತ್ತು ಮೆರೆಸಿತು. ರೋಗಿಗಳು ಎಷ್ಟು ಬಂದರೆಂದರೆ ಒಬ್ಬೊಬ್ಬರಿಗೇ ಕೈಯಾಡಿಸಲು ಸಮಯ ಸಾಲಲಿಲ್ಲ. ಅದಕ್ಕೊಂದು ಉಪಾಯ ಹುಡುಕಿದ: ಓಕ್ ಮರದ ದೊಡ್ಡ ಮುಚ್ಚಿದ ತೊಟ್ಟಿ. ಒಳಗೆ ತನ್ನ ಶಕ್ತಿ ತುಂಬಿದ್ದೇನೆ ಎಂದ ನೀರಿನ ಬಾಟಲಿಗಳು, ಗಾಜಿನ ಚೂರು, ಕಬ್ಬಿಣದ ಪುಡಿ. ಮುಚ್ಚಳದಿಂದ ಬಾಗಿದ ಕಬ್ಬಿಣದ ಸರಳುಗಳು ಹೊರಗೆ ಚಾಚಿಕೊಂಡಿರುತ್ತಿದ್ದವು. ಸುತ್ತಲೂ ಕೂತ ರೋಗಿಗಳು ನೋವಿರುವ ಜಾಗಕ್ಕೆ ಸರಳು ಒತ್ತಿಕೊಂಡು, ಒಬ್ಬರಿಗೊಬ್ಬರು ಹಗ್ಗದಿಂದ ಸುತ್ತಿಕೊಂಡಿರಬೇಕು. ದಪ್ಪ ಪರದೆಗಳು, ಗೋಡೆಗೆ ಕನ್ನಡಿಗಳು, ಒಳಗಿನಿಂದ ತೇಲಿಬರುವ ಆರ್ಮೋನಿಕಾ ನಾದ. ಇದರ ನಡುವೆ ನೇರಳೆ ಬಣ್ಣದ ರೇಷ್ಮೆ ನಿಲುವಂಗಿ ತೊಟ್ಟ ಮೆಸ್ಮರ್ ಕೈಯಲ್ಲೊಂದು ಕೋಲು ಹಿಡಿದು ಮೆಲ್ಲಗೆ ನಡೆದು ಬರುತ್ತಿದ್ದ.

ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಅಳುವುದು, ನಗುವುದು, ನೆಲಕ್ಕೆ ಬಿದ್ದು ಒದ್ದಾಡುವುದು ಶುರುವಾಗುತ್ತಿತ್ತು. ಒಬ್ಬರನ್ನು ನೋಡಿ ಇನ್ನೊಬ್ಬರು. ಹೀಗೆ ಒದ್ದಾಡಿದರೆ ರೋಗ ಬಿಡುತ್ತದೆ ಎಂಬುದು ಮೆಸ್ಮರ್‌ನ ನಂಬಿಕೆ. ಅಂಥವರಿಗಾಗಿಯೇ ಹಾಸಿಗೆ ಹೊದಿಸಿದ ಪ್ರತ್ಯೇಕ ಕೋಣೆಯೂ ಇತ್ತು. ಬಡವರಿಗೆ ಪುಕ್ಕಟೆ ಸೇವೆ ಎಂದು ಒಂದು ಮರಕ್ಕೂ ಶಕ್ತಿ ತುಂಬಿಸಿಟ್ಟಿದ್ದ.

ಜನ ಏಕೆ ನಂಬಿದರು? ಅವರು ದಡ್ಡರಾಗಿದ್ದರು ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸರಿಯಲ್ಲ. ಆ ಕಾಲದ ಅಧಿಕೃತ ವೈದ್ಯರ ಚಿಕಿತ್ಸೆ ಎಂದರೆ ರಕ್ತ ಹೊರಹಾಕುವುದು, ಭೇದಿ ಮಾಡಿಸುವುದು, ವಾಂತಿ ಮಾಡಿಸುವುದು. ಎಷ್ಟೋ ಸಲ ರೋಗಕ್ಕಿಂತ ಚಿಕಿತ್ಸೆಯೇ ಹೆಚ್ಚು ಅಪಾಯಕಾರಿ. ಅದಕ್ಕೆ ಹೋಲಿಸಿದರೆ ತೊಟ್ಟಿಯ ಸುತ್ತ ಸುಮ್ಮನೆ ಕೂರುವುದೇ ವಾಸಿ. ತಾವಾಗಿಯೇ ಗುಣವಾಗುವ ಕಾಯಿಲೆಗಳು ಅಲ್ಲಿ ಗುಣವಾದವು, ಶ್ರೇಯ ತೊಟ್ಟಿಗೆ ಹೋಯಿತು. ಜೊತೆಗೆ ವಿದ್ಯುತ್, ಗುರುತ್ವ, ಗಾಳಿಯಲ್ಲಿನ ಹೊಸ ಅನಿಲಗಳು ಎಂದು ಕಣ್ಣಿಗೆ ಕಾಣದ ಸಂಗತಿಗಳನ್ನು ವಿಜ್ಞಾನ ಒಂದೊಂದಾಗಿ ತೋರಿಸುತ್ತಿದ್ದ ಕಾಲ ಅದು. ಕಾಣದ ಇನ್ನೊಂದು ದ್ರವ ಏಕಿರಬಾರದು?

1781ರಲ್ಲಿ ಫ್ರಾನ್ಸಿನ ಅರಮನೆ ಆತನಿಗೆ ವರ್ಷಕ್ಕೆ 20,000 ಲಿವ್ರ್ ಪಿಂಚಣಿ ಕೊಡಲು ಮುಂದೆ ಬಂತು. ಆದರೆ ಸರ್ಕಾರದ ಕಡೆಯವರು ಕೆಲಸವನ್ನು ಗಮನಿಸಲು ಬಿಡಬೇಕೆಂಬ ಷರತ್ತಿತ್ತು. ಮೆಸ್ಮರ್ ಒಪ್ಪಲಿಲ್ಲ. 1783ರಲ್ಲಿ ಶಿಷ್ಯರು ಒಂದು ಸಂಘ ಕಟ್ಟಿ, ಗುಟ್ಟು ಕಲಿಯಲು ತಲಾ 100 ಲೂಯಿ ಚಿನ್ನದ ನಾಣ್ಯ ವಸೂಲಿ ಮಾಡಿದರು. ಕೂಲಿಕಾರನೊಬ್ಬನ ಹಲವು ವರ್ಷಗಳ ದುಡಿಮೆಗೆ ಸಮ ಅದು.

1783ರ ಒಂದು ಫಾರ್ವರ್ಡ್

ಕೋರ್ಟ್ ದ ಜೆಬೆಲಿನ್ ಎಂಬ ಪ್ರಸಿದ್ಧ ವಿದ್ವಾಂಸ ಪ್ಯಾರಿಸ್‌ನಲ್ಲಿದ್ದ. ಆತನ ದೊಡ್ಡ ಗ್ರಂಥಮಾಲೆಗೆ ಚಂದಾದಾರರಿದ್ದರು. ಕಾಯಿಲೆ ಬಿದ್ದ ಜೆಬೆಲಿನ್ ಮೆಸ್ಮರ್‌ನ ಬಳಿ ಹೋದ, ಹಗುರವೆನಿಸಿತು. ಆ ಸಂತೋಷದಲ್ಲಿ 1783ರಲ್ಲಿ ತನ್ನ ಚಂದಾದಾರರಿಗೆಲ್ಲ ಒಂದು ಪತ್ರ ಅಚ್ಚು ಹಾಕಿಸಿ, ಈ ಚಿಕಿತ್ಸೆಯನ್ನು ಹೊಗಳಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ತನ್ನ ಎಲ್ಲ ಗ್ರೂಪುಗಳಿಗೂ ಫಾರ್ವರ್ಡ್ ಮಾಡಿದ. ಆತ ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಹಗುರವೆನಿಸಿತ್ತು, ಪರೋಪಕಾರದ ಮನಸ್ಸಿನಿಂದಲೇ ಬರೆದಿದ್ದ. ಆದರೆ ಮರುವರ್ಷ, 1784ರ ಮೇ ತಿಂಗಳಲ್ಲಿ ತೀರಿಕೊಂಡ.

ಹಾಯೆನಿಸುವುದು ಬೇರೆ, ರೋಗ ಹೋಗುವುದು ಬೇರೆ. ಇಡೀ ಕಥೆಯಲ್ಲಿ ಮರೆಯಬಾರದ ಮಾತು ಇದು.

ಕಣ್ಣಿಗೆ ಬಟ್ಟೆ ಕಟ್ಟಿ ನಡೆದ ಪರೀಕ್ಷೆ

ಅದೇ 1784ರಲ್ಲಿ ದೊರೆ 16ನೇ ಲೂಯಿ ಒಂದು ತನಿಖಾ ಸಮಿತಿ ನೇಮಿಸಿದ. ಅದರಲ್ಲಿದ್ದವರು ಯಾರು ನೋಡಿ: ಆಮ್ಲಜನಕಕ್ಕೆ ಹೆಸರಿಟ್ಟ ರಸಾಯನ ವಿಜ್ಞಾನಿ ಲಾವೋಸಿಯೇ, ಖಗೋಳ ವಿಜ್ಞಾನಿ ಬೈಯಿ, ವೈದ್ಯ ಗಿಲೊಟಿನ್, ಇವರೆಲ್ಲರ ಹಿರಿಯನಾಗಿ ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್. ಮೆಸ್ಮರ್‌ನ ಸಂಗೀತ ವಾದ್ಯವನ್ನು ರೂಪಿಸಿದವನೇ ಆತನ ಚಿಕಿತ್ಸೆಯ ಪರೀಕ್ಷಕನೂ ಆದ! ತಲೆ ಕತ್ತರಿಸುವ ಯಂತ್ರಕ್ಕೆ ಹೆಸರು ಅಂಟಿಕೊಂಡದ್ದು ಇದೇ ಗಿಲೊಟಿನ್‌ನದು. ಆತ ಅದೇ ಯಂತ್ರಕ್ಕೆ ತಲೆ ಕೊಟ್ಟ ಎಂಬ ಫಾರ್ವರ್ಡ್ ಸುಳ್ಳು, 1814ರಲ್ಲಿ ಸಹಜವಾಗಿಯೇ ಸತ್ತ. ಯಂತ್ರಕ್ಕೆ ಬಲಿಯಾದವರು ಲಾವೋಸಿಯೇ ಮತ್ತು ಬೈಯಿ.

ಮೆಸ್ಮರ್ ಪರೀಕ್ಷೆಗೆ ಬರಲಿಲ್ಲ. ಆತನ ಶಿಷ್ಯ, ರಾಜಕುಟುಂಬದ ವೈದ್ಯ ದೆಸ್ಲೋ ಒಪ್ಪಿಕೊಂಡ. ಸಮಿತಿ ಒಂದು ಸರಳ ಪ್ರಶ್ನೆ ಇಟ್ಟುಕೊಂಡಿತು. ಗುಣವಾಯಿತೋ ಇಲ್ಲವೋ ಆಮೇಲೆ ನೋಡೋಣ, ಮೊದಲು ಆ ದ್ರವ ಇದೆಯೋ ಇಲ್ಲವೋ ತಿಳಿಯೋಣ.

78 ವರ್ಷದ ಫ್ರಾಂಕ್ಲಿನ್‌ಗೆ ಓಡಾಡಲು ಆಗುತ್ತಿರಲಿಲ್ಲವಾದ್ದರಿಂದ ಪ್ಯಾರಿಸ್ ಹೊರವಲಯದ ಪಾಸಿಯಲ್ಲಿದ್ದ ಆತನ ಮನೆಯ ತೋಟದಲ್ಲೇ ಒಂದು ಪರೀಕ್ಷೆ ನಡೆಯಿತು. ದೆಸ್ಲೋ ಒಂದು ಏಪ್ರಿಕಾಟ್ ಮರಕ್ಕೆ ಶಕ್ತಿ ತುಂಬಿದ. ಈ ಶಕ್ತಿಗೆ ಬೇಗ ಸ್ಪಂದಿಸುತ್ತಾನೆ ಎಂದು ತಾನೇ ಆರಿಸಿ ತಂದಿದ್ದ 12 ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದಾದ ಮೇಲೊಂದು ಮರ ತಬ್ಬಿಕೊಳ್ಳಲು ಹೇಳಿದರು. ಮೊದಲ ಮರಕ್ಕೇ ಹುಡುಗ ಬೆವರಿದ. ಮುಂದೆ ತಲೆ ಸುತ್ತಿತು. ನಾಲ್ಕನೇ ಮರದ ಬಳಿ ಪ್ರಜ್ಞೆ ತಪ್ಪಿ ಬಿದ್ದ. ಶಕ್ತಿ ತುಂಬಿದ ಮರ ಮಾತ್ರ ಅತ್ತ ದೂರದಲ್ಲಿತ್ತು. ಆತ ಅದನ್ನು ಮುಟ್ಟಿಯೇ ಇರಲಿಲ್ಲ!

ಇನ್ನೊಂದು ಪರೀಕ್ಷೆಯಲ್ಲಿ ಮಹಿಳೆಯೊಬ್ಬರಿಗೆ ಬಟ್ಟಲುಗಳಲ್ಲಿ ಸಾದಾ ನೀರು ಕೊಡುತ್ತಾ ಹೋದರು. ಶಕ್ತಿ ತುಂಬಿದ ನೀರು ಬರುತ್ತದೆಂದು ಕಾದಿದ್ದ ಆಕೆ, ನಾಲ್ಕನೇ ಸಾದಾ ಬಟ್ಟಲಿಗೇ ಒದ್ದಾಡಿದರು. ಸುಧಾರಿಸಿಕೊಳ್ಳಲಿ ಎಂದು ನಿಜವಾಗಿ ಶಕ್ತಿ ತುಂಬಿದ ನೀರು ಕೊಟ್ಟರೆ, ಅದನ್ನು ಆರಾಮವಾಗಿ ಕುಡಿದು ಹಾಯೆನಿಸಿತು ಎಂದರು. ಮತ್ತೊಬ್ಬಾಕೆ ಬಾಗಿಲ ಆಚೆ ದೆಸ್ಲೋ ಇದ್ದಾನೆ ಎಂದು ಹೇಳಿದ್ದಕ್ಕೇ ನಡುಗಿದರು. ಆತ ಅಲ್ಲಿರಲೇ ಇಲ್ಲ. ತಿಳಿಸದೆ ಕಾಗದದ ಮರೆಯಿಂದ ಅರ್ಧ ಗಂಟೆ ಶಕ್ತಿ ಹಾಯಿಸಿದಾಗ ಮಹಿಳೆಗೆ ಏನೂ ಅನಿಸಲೇ ಇಲ್ಲ.

ಸಮಿತಿಯ ತೀರ್ಪು ಸ್ಪಷ್ಟವಾಗಿತ್ತು. ರೋಗಿಗಳು ನಾಟಕವಾಡುತ್ತಿಲ್ಲ, ಅವರ ಅನುಭವ ನಿಜ. ಆದರೆ ಅದಕ್ಕೆ ಕಾರಣ ದ್ರವವಲ್ಲ, ಕಲ್ಪನೆ. ಜೊತೆಗೆ ಸ್ಪರ್ಶ ಮತ್ತು ಒಬ್ಬರನ್ನು ನೋಡಿ ಒಬ್ಬರು ಮಾಡುವ ಅನುಕರಣೆ. ವರದಿಯ ಪ್ರತಿಗಳು ಸಾವಿರಾರು ಸಂಖ್ಯೆಯಲ್ಲಿ ಹಂಚಿಕೆಯಾದವು. ಇಂದು ಯಾವುದೇ ಹೊಸ ಔಷಧವನ್ನು, ಯಾರಿಗೆ ನಿಜ ಗುಳಿಗೆ, ಯಾರಿಗೆ ಹುಸಿ ಗುಳಿಗೆ ಎಂದು ತಿಳಿಸದೆ ಪರೀಕ್ಷಿಸುತ್ತಾರಲ್ಲ, ಆ ಪದ್ಧತಿಯ ಬೇರುಗಳಲ್ಲಿ ಫ್ರಾಂಕ್ಲಿನ್ ತೋಟದ ಮರಗಳೂ ಸೇರಿವೆ.

ಕಲ್ಪನೆಯೇ ಮದ್ದಾಗುವುದಾದರೆ ಅದನ್ನೇ ಬಳಸಬಾರದೇಕೆ ಎಂದು ದೆಸ್ಲೋ ಕೇಳಿದ. ಒಳ್ಳೆಯ ಪ್ರಶ್ನೆಯೇ. ಇಂದು ನಾವಿದನ್ನು ಪ್ಲಸೀಬೊ ಪರಿಣಾಮ ಎನ್ನುತ್ತೇವೆ. ನೋವು, ಆತಂಕ, ವಾಕರಿಕೆಯಂಥವನ್ನು ನಂಬಿಕೆ ತಗ್ಗಿಸಬಲ್ಲದು. ಆದರೆ ಗೆಡ್ಡೆಯನ್ನು ಕರಗಿಸಲಾರದು, ಸೋಂಕನ್ನು ಕೊಲ್ಲಲಾರದು, ಕೆಟ್ಟ ಮೂತ್ರಪಿಂಡವನ್ನು ಸರಿಪಡಿಸಲಾರದು.

ನಿದ್ದೆ ಎಲ್ಲಿಂದ ಬಂತು?

ಮೆಸ್ಮರಿಸಂ ಎಂದರೆ ಕಣ್ಣಲ್ಲಿ ಕಣ್ಣಿಟ್ಟು ನಿದ್ದೆಗೆ ಜಾರಿಸುವುದು ಎಂದು ನಾವು ತಿಳಿದಿದ್ದೇವೆ. ಮೆಸ್ಮರ್‌ಗೆ ಬೇಕಾಗಿದ್ದದ್ದು ನಿದ್ದೆಯಲ್ಲ, ಒದ್ದಾಟ. ನಿದ್ದೆಯಂಥ ಸ್ಥಿತಿಯನ್ನು 1784ರಲ್ಲಿ ಗುರುತಿಸಿದವನು ಆತನ ಶಿಷ್ಯ, ಪ್ಯುಸೆಗೂರ್ ಎಂಬ ಜಮೀನ್ದಾರ. ಚಿಕಿತ್ಸೆ ಕೊಡುವಾಗ ಆತನ ಊರಿನ ರೈತ ಯುವಕನೊಬ್ಬ ಒದ್ದಾಡುವ ಬದಲು ನಿದ್ದೆಗೆ ಜಾರಿದ, ಆ ನಿದ್ದೆಯಲ್ಲೇ ಸ್ಪಷ್ಟವಾಗಿ ಮಾತನಾಡಿದ.

1841ರಲ್ಲಿ ಮ್ಯಾಂಚೆಸ್ಟರ್‌ನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಇಂಥದ್ದೊಂದು ಪ್ರದರ್ಶನ ನೋಡಿ, ತಾನೇ ಪ್ರಯೋಗ ಮಾಡಿ, ದ್ರವವೂ ಇಲ್ಲ, ಕಾಂತವೂ ಇಲ್ಲ, ಇದು ಗಮನ ಒಂದೆಡೆ ನೆಟ್ಟಾಗ ಆಗುವ ಸ್ಥಿತಿ ಎಂದ. ಹಿಪ್ನಾಟಿಸಂ ಎಂಬ ಪದ ನೆಲೆಯೂರಿದ್ದು ಆತನಿಂದ. ಗ್ರೀಕ್‌ನಲ್ಲಿ ಹಿಪ್ನೋಸ್ ಎಂದರೆ ನಿದ್ದೆ.

ಈ ಕಥೆ ಭಾರತಕ್ಕೂ ಬಂದಿತ್ತು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಎಸ್ಡೇಲ್ ರೋಗಿಗಳ ಮೇಲೆ ಕೈಯಾಡಿಸಿ ಮಂಪರು ಬರಿಸಿ, ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮಾಡಿದ. ಮರುವರ್ಷ ಕಲ್ಕತ್ತಾದಲ್ಲಿ ಇದಕ್ಕಾಗಿ ಒಂದು ಆಸ್ಪತ್ರೆಯನ್ನೂ ಕೊಟ್ಟರು. ಆದರೆ 1846ರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರಂ ಬಂದವು. ನಂಬಿದವರು, ನಂಬದವರು ಎಂಬ ಭೇದವಿಲ್ಲದೆ ಇವು ಎಲ್ಲರ ನೋವನ್ನೂ ಮರೆಸುತ್ತಿದ್ದವು. ಗಂಟೆಗಟ್ಟಲೆ ಕೈಯಾಡಿಸುವ ಅಗತ್ಯ ಉಳಿಯಲಿಲ್ಲ.

ಮತ್ತೆ ಅದೇ ಸರೋವರದ ದಡಕ್ಕೆ

ವರದಿಯ ನಂತರ ಮೆಸ್ಮರ್‌ನ ಖ್ಯಾತಿ ಇಳಿಯಿತು, ಶಿಷ್ಯರೊಂದಿಗೂ ಜಗಳವಾಯಿತು. ಪ್ಯಾರಿಸ್ ಬಿಟ್ಟು ಊರೂರು ಅಲೆದ. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ ವಿಯೆನ್ನಾಕ್ಕೆ ಮರಳಿದರೆ, ಕ್ರಾಂತಿಕಾರಿ ಇರಬಹುದೆಂಬ ಅನುಮಾನದಿಂದ ಅಲ್ಲಿಂದಲೂ ಹೊರಗಟ್ಟಿದರು. ಕೊನೆಗೆ ಹುಟ್ಟಿದ ಸರೋವರದ ದಡಕ್ಕೇ ವಾಪಸಾಗಿ, 1815ರ ಮಾರ್ಚ್ 5ರಂದು ಮೀರ್ಸ್‌ಬರ್ಗ್ ಎಂಬ ಊರಿನಲ್ಲಿ ತೀರಿಕೊಂಡ. ಕೊನೆಯವರೆಗೂ ಆ ದ್ರವ ಇದೆ ಎಂದೇ ನಂಬಿದ್ದ. ಆತ ಬೇಕೆಂದೇ ಮೋಸ ಮಾಡಿದ ಎನ್ನುವುದಕ್ಕಿಂತ, ತನ್ನನ್ನು ತಾನು ಪರೀಕ್ಷೆಗೆ ಒಡ್ಡಿಕೊಳ್ಳಲು ಒಪ್ಪಲಿಲ್ಲ ಎನ್ನುವುದು ಸರಿ.

ಆದರೆ ಹೆಸರು ಉಳಿಯಿತು. ಮೆಸ್ಮರಿಸಂ ಎಂದರೆ ಮೊದಲು ಆತನ ಚಿಕಿತ್ಸೆ. ಆಮೇಲೆ ಮಂಪರು ಬರಿಸುವ ಯಾವುದೇ ವಿಧಾನ. ಮೆಸ್ಮರೈಸ್ ಎಂಬ ಕ್ರಿಯಾಪದಕ್ಕೆ ಈಗಿರುವ ಅರ್ಥ, ನೋಡುವವರ ಮನಸ್ಸನ್ನು ಪೂರ್ತಿ ಸೆರೆಹಿಡಿಯುವುದು. ಕನ್ನಡದಲ್ಲಿ ಹೇಳುವುದಾದರೆ ಮಂತ್ರಮುಗ್ಧಗೊಳಿಸುವುದು. ಅನಿಮಲ್ ಮ್ಯಾಗ್ನೆಟಿಸಂ ಎಂದರೂ ಈಗ ಇಂಗ್ಲಿಷಿನಲ್ಲಿ ದೈಹಿಕ ಆಕರ್ಷಣೆ ಎಂದಷ್ಟೇ. ಅದರಲ್ಲಿ ದ್ರವವೂ ಇಲ್ಲ, ಗ್ರಹವೂ ಇಲ್ಲ. ಮನಸ್ಸಿನ ಮೇಲಿನ ಪ್ರಭಾವ ಎಂದು ಸಮಿತಿ ಯಾವುದನ್ನು ಹೇಳಿತೋ, ಮೆಸ್ಮರ್ ಯಾವುದನ್ನು ಒಪ್ಪಲಿಲ್ಲವೋ, ಆತನ ಹೆಸರಿಗೆ ಕೊನೆಗೆ ಅದೇ ಅರ್ಥ ಉಳಿಯಿತು.

ಹಾಗಾದರೆ ಆ ಎರಡು ಫಾರ್ವರ್ಡ್‌ಗಳು?

ಅಯಸ್ಕಾಂತದ ಬಳೆ: ರಕ್ತದಲ್ಲಿ ಕಬ್ಬಿಣ ಇರುವುದು ನಿಜ. ಆದರೆ ಅದು ಹಿಮೋಗ್ಲೋಬಿನ್ ಎಂಬ ಪ್ರೋಟೀನಿನೊಳಗೆ ಸೇರಿಕೊಂಡಿರುತ್ತದೆ. ಮೊಳೆ ಅಯಸ್ಕಾಂತಕ್ಕೆ ಅಂಟುವ ಹಾಗೆ ಅದು ಅಂಟುವುದಿಲ್ಲ. ಎಂಆರ್‌ಐ ಯಂತ್ರದ ಅಯಸ್ಕಾಂತ ಬಳೆಯದಕ್ಕಿಂತ ಎಷ್ಟೋ ಪಟ್ಟು ಪ್ರಬಲ. ಅಯಸ್ಕಾಂತ ರಕ್ತವನ್ನು ಎಳೆಯುವಂತಿದ್ದರೆ ಅದರೊಳಗೆ ಮಲಗಿದವರು ಎದ್ದು ಬರುತ್ತಲೇ ಇರಲಿಲ್ಲ. ಹುಸಿ ಬಳೆಯೊಂದಿಗೆ ಹೋಲಿಸಿ ನಡೆಸಿದ ಪರೀಕ್ಷೆಗಳಲ್ಲಿ ಅಯಸ್ಕಾಂತದ ಬಳೆ ನೋವು ಕಡಿಮೆ ಮಾಡುತ್ತದೆ ಎಂಬುದಕ್ಕೆ ನಂಬಬಹುದಾದ ಆಧಾರ ಸಿಕ್ಕಿಲ್ಲ. ಇಷ್ಟವಾದರೆ ಬಳೆ ಹಾಕಿಕೊಳ್ಳಿ, ಆದರೆ ಅದನ್ನು ನಂಬಿ ಬಿಪಿ, ಶುಗರ್ ಮಾತ್ರೆ ನಿಲ್ಲಿಸಬೇಡಿ. ದೇಹದೊಳಗೆ ಪೇಸ್‌ಮೇಕರ್ ಇರುವವರು ಅಯಸ್ಕಾಂತವನ್ನು ಎದೆಯ ಹತ್ತಿರ ತರಲೇಬಾರದು.

ಕಣ್ಣೋಟದ ಕಳ್ಳತನ: ಹಿಪ್ನಾಸಿಸ್‌ಗೆ ಎದುರಿಗಿರುವವರ ಒಪ್ಪಿಗೆ, ಸಹಕಾರ, ಸಮಯ ಬೇಕು. ದಾರಿಯಲ್ಲಿ ಒಂದು ನೋಟಕ್ಕೆ ಯಾರ ಬುದ್ಧಿಯನ್ನೂ ವಶ ಮಾಡಿಕೊಳ್ಳಲಾಗದು. ಕಳ್ಳರು ಬಳಸುವುದು ಮಾತಿನ ಮೋಡಿ, ಆತುರ, ಭಯ, ಗಮನ ಬೇರೆಡೆ ಸೆಳೆಯುವ ಉಪಾಯ. ನಮ್ಮ ಹಿರಿಯರು ಮಂಕುಬೂದಿ ಎರಚುವುದು ಎಂದದ್ದು ಇದನ್ನೇ. ಮೋಸ ಹೋದವರಿಗೆ ನಾಚಿಕೆಯಾಗುತ್ತದೆ, ಏನಾಯಿತೋ ತಿಳಿಯಲೇ ಇಲ್ಲ ಎನ್ನುತ್ತಾರೆ, ಕೇಳಿದವರು ಮೆಸ್ಮರಿಸಂ ಎನ್ನುತ್ತಾರೆ. ಮನೆಯ ಹಿರಿಯರಿಗೆ ಕಣ್ಣು ನೋಡಬೇಡಿ ಎಂದು ಹೆದರಿಸುವ ಬದಲು, ಅಪರಿಚಿತರು ಆತುರಪಡಿಸಿದರೆ ಜನರಿರುವ ಕಡೆ ಸರಿದು ನಿಲ್ಲಿ, ಒಡವೆ ಬಿಚ್ಚಬೇಡಿ ಎಂದು ಹೇಳಿಕೊಡಿ. ಅಂಥದ್ದು ನಡೆದರೆ ಬೈಯಬೇಡಿ, ಕೂಡಲೇ ಪೊಲೀಸರಿಗೆ ತಿಳಿಸಿ.

ಇನ್ನು ಮುಂದೆ ಯಾರಾದರೂ ನನಗೆ ಗುಣವಾಯಿತು, ನಿಮಗೂ ಆಗುತ್ತದೆ ಎಂದು ಕಳಿಸಿದರೆ ಅವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಜೆಬೆಲಿನ್ ಕೂಡ ಸುಳ್ಳು ಹೇಳಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದರೂ ಇದು ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಉತ್ತರ ಸಿಗುವವರೆಗೆ ಫಾರ್ವರ್ಡ್ ಬಟನ್ ಒತ್ತಬೇಡಿ.